ಸೋತ ಊರಿನ ಮಕ್ಕಳಿಗೂ ಅರ್ಧ ಪುಟ ಕೊಡಿ

ಮಾನ್ಯ ಸಂಪಾದಕರೇ,

ನಾನು 30 ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದವಳು. ಎರಡನೇ ಮಹಾಯುದ್ಧದ ಪಾಠ ಪ್ರತಿ ವರ್ಷ ಒಂದೇ ಕಡೆ ಮುಗಿಯುತ್ತಿತ್ತು: 1945ರ ಮೇ ತಿಂಗಳಲ್ಲಿ ಜರ್ಮನಿ ಶರಣಾಯಿತು. ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, 'ಮಿಸ್, ಆಮೇಲೆ ಅಲ್ಲಿನ ಮಕ್ಕಳು ಏನಾದ್ರು?' ಅಂತ ಕೇಳಿದಳು. 'ಅದು ಪರೀಕ್ಷೆಗೆ ಬರಲ್ಲ, ಕೂತ್ಕೋ' ಅಂದುಬಿಟ್ಟೆ. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ನಿವೃತ್ತಿಯಾದ ಮೇಲೆ ಓದಿ ತಿಳಿದುಕೊಂಡದ್ದನ್ನು ಬರೆಯುತ್ತಿದ್ದೇನೆ.

ಗೆದ್ದ ನಾಲ್ಕು ದೇಶಗಳು ರಾಜಧಾನಿ ಬರ್ಲಿನ್ ನಗರವನ್ನು ಹಂಚಿಕೊಂಡವು: ಪಶ್ಚಿಮ ಭಾಗ ಅಮೆರಿಕ, ಬ್ರಿಟನ್, ಫ್ರಾನ್ಸ್‌ಗೆ; ಪೂರ್ವ ಭಾಗ ಸೋವಿಯತ್ ಒಕ್ಕೂಟಕ್ಕೆ. ನಗರದ ಸುತ್ತಲಿನ ಪ್ರದೇಶವೂ ಸೋವಿಯತ್ ಕೈಯಲ್ಲೇ ಇತ್ತು. ಜರ್ಮನ್ನರ ಜೊತೆ ಸ್ನೇಹ ಬೇಡ ಅಂತ ಮೊದಮೊದಲು ಅಮೆರಿಕದ ಸೈನಿಕರಿಗೆ ಕಟ್ಟಪ್ಪಣೆಯೇ ಇತ್ತು. 1948ರ ಜೂನ್‌ನಲ್ಲಿ ಸೋವಿಯತ್ ಒಕ್ಕೂಟ ಪಶ್ಚಿಮ ಬರ್ಲಿನ್ನಿನ ರಸ್ತೆ, ರೈಲು, ಜಲಮಾರ್ಗ ಎಲ್ಲ ಮುಚ್ಚಿತು. ಅಲ್ಲಿದ್ದವರು ಸುಮಾರು 20 ಲಕ್ಷ ಜನ. ಹಿಟ್ಟು, ಕಲ್ಲಿದ್ದಲು ಕೂಡ ವಿಮಾನದಲ್ಲೇ ಬರಬೇಕಾಯಿತು. ಮೂರು ವರ್ಷದ ಹಿಂದೆ ಬಾಂಬ್ ಹಾಕಿದ್ದ ದೇಶಗಳೇ ಈಗ ಊಟ ತರುತ್ತಿದ್ದವು. ಆ ಸದ್ದು ಕೇಳಿದಾಗ ಮಕ್ಕಳ ಎದೆ ಹೇಗೆ ಬಡಿದುಕೊಂಡಿರಬೇಡ!

ಗೇಲ್ ಹಾಲ್ವರ್ಸನ್ ಆಗ ಹೀಗೆ ಸಾಮಾನು ತರುತ್ತಿದ್ದ ಅಮೆರಿಕದ 27ರ ಪೈಲಟ್. ಜುಲೈನಲ್ಲಿ ಒಂದು ದಿನ ಪಶ್ಚಿಮ ಬರ್ಲಿನ್ನಿನ ಟೆಂಪಲ್‌ಹಾಫ್ ವಿಮಾನ ನಿಲ್ದಾಣದ ಬೇಲಿ ಹತ್ತಿರ ಸುಮಾರು 30 ಮಕ್ಕಳು ನಿಂತಿದ್ದರು. ಆತ ಮಾತಾಡಿಸಿದರು. ವಾಪಸ್ ಹೊರಟಾಗ ಅವರಿಗೆ ಒಂದು ವಿಷಯ ಹೊಳೆಯಿತು. ಒಂದು ಮಗುವೂ ಏನನ್ನೂ ಬೇಡಿರಲಿಲ್ಲ. ಜೇಬಿನಲ್ಲಿದ್ದದ್ದು ಎರಡೇ ಎರಡು ಚೂಯಿಂಗ್ ಗಮ್. ಮುರಿದು ಕೊಟ್ಟರು. ಮಕ್ಕಳು ಕಿತ್ತಾಡಲಿಲ್ಲ. ಸಿಗದವರು ಸುತ್ತಿದ್ದ ಕಾಗದವನ್ನೇ ಹರಿದು ಹಂಚಿಕೊಂಡು, ಮೂಗಿಗೆ ಹಿಡಿದು ವಾಸನೆ ನೋಡಿದರು. ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಸುಮ್ನೆ ಕೂತುಬಿಟ್ಟೆ.

ಮತ್ತೆ ಬಂದಾಗ ವಿಮಾನದಿಂದಲೇ ಮಿಠಾಯಿ ಹಾಕುತ್ತೇನೆ ಅಂತ ಆತ ಮಾತು ಕೊಟ್ಟರು. ಅಷ್ಟು ವಿಮಾನಗಳಲ್ಲಿ ನಿಮ್ಮದು ಯಾವುದು ಅಂತ ಹೇಗೆ ಗೊತ್ತಾಗಬೇಕು? ರೆಕ್ಕೆ ಅಲ್ಲಾಡಿಸುತ್ತೇನೆ ಅಂದರು. ಕರವಸ್ತ್ರಗಳಿಗೆ ದಾರ ಕಟ್ಟಿ ಪುಟ್ಟ ಪ್ಯಾರಾಚೂಟ್ ಮಾಡಿ, ತಮ್ಮ ಪಾಲಿನ ಮಿಠಾಯಿಯನ್ನು ಇಳಿಬಿಟ್ಟರು. ಮೇಲಧಿಕಾರಿಗಳನ್ನು ಕೇಳಿರಲಿಲ್ಲ. ಪತ್ರಿಕೆಯಲ್ಲಿ ಸುದ್ದಿ ಬಂದು ಕರೆಸಿಕೊಂಡರು. ಆದರೆ ನಿಲ್ಲಿಸಲಿಲ್ಲ, ಮುಂದುವರಿಸು ಅಂದರು. ಅಮೆರಿಕದ ಶಾಲಾ ಮಕ್ಕಳೂ ಪ್ಯಾರಾಚೂಟ್ ಕಟ್ಟಲು ಕೂತರು. ಹೀಗೆ ಇಳಿದ ಮಿಠಾಯಿ 20 ಟನ್ನಿಗೂ ಜಾಸ್ತಿ.

ಮರ್ಸಿಡಿಸ್ ಎಂಬ 7 ವರ್ಷದ ಹುಡುಗಿಗೆ ಒಂದೂ ಸಿಕ್ಕಿರಲಿಲ್ಲ. ನಿಮ್ಮ ವಿಮಾನದ ಸದ್ದಿಗೆ ನಮ್ಮ ಕೋಳಿಗಳು ಮೊಟ್ಟೆ ಇಡುತ್ತಿಲ್ಲ ಅಂತ ಪೈಲಟ್‌ಗೆ ಪತ್ರ ಬರೆದಳು. ಬಿಳಿ ಕೋಳಿ ಕಂಡ ಕಡೆ ಮಿಠಾಯಿ ಹಾಕಿ, ಆಗ ಅವು ಹೆದರಿದರೂ ಪರವಾಗಿಲ್ಲ ಅಂತಲೂ ಸೇರಿಸಿದಳು. ಮೇಲಿನಿಂದ ಆ ಕೋಳಿಗಳು ಕಾಣಲಿಲ್ಲ. ಹಾಲ್ವರ್ಸನ್ ಅಂಚೆಯಲ್ಲೇ ಮಿಠಾಯಿ ಕಳಿಸಿದರು, ಜೊತೆಗೊಂದು ಪತ್ರ. ತಂದೆಯಿಲ್ಲದೆ ಬೆಳೆಯುತ್ತಿದ್ದ ಆ ಹುಡುಗಿಗೆ ಮಿಠಾಯಿಗಿಂತ ಪತ್ರವೇ ದೊಡ್ಡದಾಯಿತು. 1972ರಲ್ಲಿ ಅವರು ಬರ್ಲಿನ್ನಿನಲ್ಲೇ ಅಧಿಕಾರಿಯಾಗಿದ್ದಾಗ ಆಕೆ ಮನೆಗೆ ಊಟಕ್ಕೆ ಕರೆದು, ಜೋಪಾನ ಮಾಡಿದ್ದ ಪತ್ರವನ್ನು ಮುಂದಿಟ್ಟಳು. 2022ರಲ್ಲಿ, 101ನೇ ವಯಸ್ಸಿನಲ್ಲಿ ಅವರು ತೀರಿಕೊಳ್ಳುವವರೆಗೂ ಆ ಸ್ನೇಹ ಉಳಿಯಿತು.

ಯುದ್ಧದ ಸುದ್ದಿಯನ್ನು ನಿಮ್ಮ ಪತ್ರಿಕೆ ನಕ್ಷೆ ಹಾಕಿ, ಚೆನ್ನಾಗಿ ವಿವರಿಸಿ ಕೊಡುತ್ತದೆ. ಅದು ಬೇಕೇ ಬೇಕು. ಆದರೆ ಯಾವ ಊರು ಯಾರ ಕೈ ಸೇರಿತು ಅಂತ ಬರೆದ ಮೇಲೆ, ಆ ಊರಿನ ಮಕ್ಕಳು ಈಗ ಏನು ತಿನ್ನುತ್ತಿದ್ದಾರೆ, ಯಾರ ಜೊತೆ ಆಡುತ್ತಿದ್ದಾರೆ ಅಂತಲೂ ಬರೆಯಬಹುದು ಅಲ್ವಾ? ವಾರಕ್ಕೆ ಅರ್ಧ ಪುಟ ಸಾಕು, ಅದೂ ಮಕ್ಕಳ ಪುರವಣಿಯಲ್ಲೇ. ಇಂಥದ್ದೆಲ್ಲ ಅವರಿಗೆ ಅರ್ಥವಾಗುವುದಿಲ್ಲ ಅಂತ ದಯವಿಟ್ಟು ಹೇಳಬೇಡಿ. ನನ್ನನ್ನು ಆ ಪ್ರಶ್ನೆ ಕೇಳಿದವಳು ಹತ್ತನೇ ಕ್ಲಾಸಿನ ಹುಡುಗಿ.

– ನಿವೃತ್ತ ಶಿಕ್ಷಕಿ