ಹಿಮಾಲಯದ ಟ್ರೆಕ್ ಮಾರುವವರಿಗೆ ಲಗಾಮು ಹಾಕಿ: ಪ್ರವಾಸೋದ್ಯಮ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ, ನಮಸ್ಕಾರ.

ಅರ್ಜಿ ಮೇಲೆ ಅರ್ಜಿ ಹಾಕಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ. ಬೆಂಗಳೂರಿನಲ್ಲಿ ಕೂತು ಹಿಮಾಲಯದ ಟ್ರೆಕ್ ಮಾರುವ ಎಲ್ಲರಿಗೂ ನೋಂದಣಿ ಕಡ್ಡಾಯ ಮಾಡಿ. ಸಾಹಸ ಪ್ರವಾಸಕ್ಕೆ ಕೇಂದ್ರ ಸರ್ಕಾರ 2018ರಲ್ಲೇ ಮಾರ್ಗಸೂಚಿ ತಂದಿದ್ದು ನಿಮಗೆ ಗೊತ್ತೇ ಇದೆ. ಓದಿದವರು ಎಷ್ಟು ಜನ ಅನ್ನೋದು ಬೇರೆ ಮಾತು.

ನಾನೂ ನನ್ನ ಹೆಂಡತಿಯೂ ಕಾಶ್ಮೀರದ ಗ್ರೇಟ್ ಲೇಕ್ಸ್ ಟ್ರೆಕ್‌ಗೆ ಹೋಗಿದ್ದೆವು. ದುಡ್ಡು ಕಟ್ಟಿಸಿಕೊಂಡಿದ್ದು ನಮ್ಮೂರಿನದೇ ಒಂದು ಕಂಪನಿ. ಸೋನ್‌ಮಾರ್ಗ್‌ನಿಂದ ಹೊರಟು, ನಿಚ್ನಾಯ್ ಪಾಸ್ ಅನ್ನೋ ಬೆಟ್ಟದ ದಾರಿ ದಾಟಿ ವಿಶನ್‌ಸರ್ ಸರೋವರ ತಲುಪಿದೆವು. ಹಿಮನದಿ ಕೊರೆದ ಹಳ್ಳದಲ್ಲಿ ನಿಂತ ನೀಲಿ ನೀರು. ಚಂದವೇ, ಸುಳ್ಳು ಹೇಳಲ್ಲ. ಆದರೆ 920 ಮೀಟರ್ ಎತ್ತರದ ಬೆಂಗಳೂರಿನವರು ಅಲ್ಲಿ ಸುಮಾರು 3,700 ಮೀಟರ್‌ನಲ್ಲಿ ಮಲಗಬೇಕು. ರಾತ್ರಿ ಇವಳಿಗೆ ತಲೆ ಸಿಡಿಯುವ ನೋವು, ಬಿಡದೆ ವಾಂತಿ, ನೆಟ್ಟಗೆ ನಿಲ್ಲಲೂ ಆಗುತ್ತಿಲ್ಲ. ಕಂಪನಿ ಕಳಿಸಿದ್ದ ಲೀಡರ್ ಹುಡುಗ ಒಂದು ಡೋಲೋ ಕೊಟ್ಟ. "ಬೆಳಿಗ್ಗೆ ಸರಿ ಹೋಗುತ್ತೆ ಮೇಡಂ, ಗಡ್ಸರ್ ಪಾಸ್ ಹತ್ತೋಣ" ಅಂದ. ಅದು 4,000 ಮೀಟರ್‌ಗೂ ಮೇಲೆ! ಎತ್ತರದಿಂದ ಬರುವ ಕಾಯಿಲೆಗೆ ಮೊದಲ ಮದ್ದು ಕೆಳಗಿಳಿಸೋದು ಅಂತ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆಕ್ಸಿಜನ್ ಕೇಳಿದೆ. ಸಿಲಿಂಡರ್ ತಂದ. ಖಾಲಿ. ವಾಪಸ್ ಇಳಿಯೋಣ ಅಂದರೂ ಮತ್ತೆ ನಿಚ್ನಾಯ್ ಪಾಸ್ ಹತ್ತಿಯೇ ಇಳಿಯಬೇಕು. ಅಲ್ಲಿನ ಕುದುರೆಯವರೊಬ್ಬರು ಪುಣ್ಯಾತ್ಮರು, ಸೋನ್‌ಮಾರ್ಗ್ ಮುಟ್ಟಿಸಿದರು. ಇವಳು ಉಳಿದಳು.

ಕಂಪನಿಯವರು "ಸಾರ್, ನಿಮ್ಮದೇ ಜವಾಬ್ದಾರಿ ಅಂತ ಸಹಿ ಹಾಕಿದ್ದೀರಲ್ಲ" ಅಂದರು. ದೂರು ಕೊಡಲು ಹೋದರೆ "ಘಟನೆ ಕಾಶ್ಮೀರದ್ದು, ಅಲ್ಲೇ ಕೊಡಿ" ಅಂದರು. ದುಡ್ಡು ಇಸ್ಕೊಂಡಿದ್ದು ಇಲ್ಲೇ ಅಲ್ವಾ ಸ್ವಾಮಿ?

2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಸರೋವರದ ದಾರಿಯಲ್ಲಿ ಹಿಮಗಾಳಿಗೆ ಸಿಕ್ಕಿ 22 ಜನರ ತಂಡದಲ್ಲಿ 9 ಜನ ತೀರಿಕೊಂಡರು. ಹೆಚ್ಚಿನವರು ನಮ್ಮ ರಾಜ್ಯದವರು. ಕಂದಾಯ ಸಚಿವ ಕೃಷ್ಣ ಬೈರೇಗೌಡರು ಡೆಹ್ರಾಡೂನ್‌ಗೇ ಹೋಗಿ ನಿಂತರು. ಒಳ್ಳೆಯದೇ. ಆದರೆ ಹೆಣ ತರೋಕೆ ವಿಮಾನ ಹತ್ತುವ ಸರ್ಕಾರ, ಕಳಿಸೋ ಮುಂಚೆ ಒಂದು ಕಾಗದ ಕೇಳಬಾರದಾ? ಕುಮಾರ ಪರ್ವತಕ್ಕೆ ಆನ್‌ಲೈನ್ ಬುಕಿಂಗ್ ಬೇಕು, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಬೇರೆ. ಹಿಮಾಲಯಕ್ಕೆ ಕಳಿಸುವವನಿಗೆ ಒಂದು ಇನ್‌ಸ್ಟಾಗ್ರಾಂ ಪೇಜ್ ಇದ್ದರೆ ಆಯ್ತು!

ಲೀಡರ್‌ಗೆ ತರಬೇತಿ, ತುಂಬಿದ ಆಕ್ಸಿಜನ್, ವಿಮೆ. ಇಷ್ಟು ತೋರಿಸದವರಿಗೆ ನೋಂದಣಿ ಕೊಡಬೇಡಿ. ನೋಂದಣಿ ಇಲ್ಲದವರು ಟ್ರೆಕ್ ಮಾರೋಕೆ ಬಿಡಬೇಡಿ. ಜುಲೈಗೆ ಕಾಶ್ಮೀರದ ಸೀಸನ್ ಶುರು. ಅದಕ್ಕೆ ಮೊದಲೇ ಕಡ್ಡಾಯ ಮಾಡಿ. "ಪರಿಶೀಲಿಸಲಾಗುವುದು" ಅನ್ನೋ ಉತ್ತರ ನನ್ನ ಹತ್ತಿರ ಆಗಲೇ ಇದೆ, ಇನ್ನೊಂದು ಕಳಿಸಬೇಡಿ.

ಇಂತಿ,
ಬಸವನಗುಡಿಯ ಒಬ್ಬ ಮತದಾರ