ದುಡ್ಡು ಕೊಟ್ಟು ಕೊಂಡ ಹಳೆಯ ರೂಟರ್‌ಗೆ ನೀವು ಹಾಕಿದ ಬೀಗ ತೆಗೆದುಕೊಡಿ

ಸಾಗರ, ಶಿವಮೊಗ್ಗ ಜಿಲ್ಲೆ
14 ಜುಲೈ 2025

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ವಿಷಯ: 2019ರಲ್ಲಿ ನಿಮ್ಮಿಂದ ಕೊಂಡ ವೈಫೈ ರೂಟರ್‌ನ ಸೆಟ್ಟಿಂಗ್ ಬದಲಾಯಿಸಲು ಬೇಕಾದ ಅಡ್ಮಿನ್ ಪಾಸ್‌ವರ್ಡ್ ಕೊಡದೆ ಇರುವ ಬಗ್ಗೆ ದೂರು

ಮಾನ್ಯರೇ,

ನಾವು ಆರು ವರ್ಷದಿಂದ ನಿಮ್ಮ ಗ್ರಾಹಕರು. ಒಂದು ತಿಂಗಳೂ ಬಿಲ್ ಬಾಕಿ ಇಟ್ಟಿಲ್ಲ. ಇಂಟರ್ನೆಟ್ ವೇಗದ ಬಗ್ಗೆ ನನಗೆ ತಕರಾರಿಲ್ಲ. ನಮ್ಮದೇ ಆದ ಒಂದು ವಸ್ತುವನ್ನು ನಾವು ಬಳಸದ ಹಾಗೆ ನೀವು ಮಾಡಿಟ್ಟಿದ್ದೀರಿ, ತಕರಾರು ಅದರ ಬಗ್ಗೆ.

2019ರ ಸೆಪ್ಟೆಂಬರ್‌ನಲ್ಲಿ ಕನೆಕ್ಷನ್ ತೆಗೆದುಕೊಂಡಾಗ ನಿಮ್ಮ ಹುಡುಗರೇ ರೂಟರ್ ತಂದು ಹಾಕಿದರು. ಬಾಡಿಗೆಗೆ ಅಲ್ಲ. 1,600 ರೂಪಾಯಿ ಕೊಟ್ಟು ಕೊಂಡಿದ್ದು. ಬಿಲ್ಲಿನಲ್ಲಿ ಮಾರಾಟ ಅಂತಲೇ ಬರೆದಿದೆ, ಅದರ ನಕಲು ಈ ಪತ್ರದ ಜೊತೆಗಿದೆ. ಆಗ ಬೀದಿ ಕಂಬದ ಪೆಟ್ಟಿಗೆಯಿಂದ ಮನೆಗೆ ಲ್ಯಾನ್ ಕೇಬಲ್ ಎಳೆದಿದ್ದಿರಿ. ಈ ವರ್ಷ ಏಪ್ರಿಲ್‌ನಲ್ಲಿ ಮನೆ ತನಕ ಫೈಬರ್ ಬಂತು. ಜೊತೆಗೆ ಹೊಸ ಡಬ್ಬಿಯೂ ಬಂತು, ವೈಫೈ ಅದರಲ್ಲೇ ಇದೆ. ಹಳೆಯ ರೂಟರನ್ನು ಬಿಚ್ಚಿ ಕಿಟಕಿ ಮೇಲಿಟ್ಟು ಹೋದರು.

ನಮ್ಮದು ಹಳೆಯ ಮನೆ. ಜಂಬಿಟ್ಟಿಗೆಯ ಗೋಡೆ, ಒಂದೊಂದೂ ಒಂದೂವರೆ ಅಡಿ ದಪ್ಪ. ಹೊಸ ಡಬ್ಬಿ ಜಗುಲಿಯಲ್ಲಿದೆ. ಅಲ್ಲಿಂದ ನಡುಮನೆ, ಅಡುಗೆಮನೆ ದಾಟಿದರೆ ಹಿಂದಿನ ಕೋಣೆ. ಅಲ್ಲಿ ನಮ್ಮ ಅತ್ತೆ ಇರುತ್ತಾರೆ. ಅವರಿಗೆ 81 ವರ್ಷ. ಹೋದ ವರ್ಷ ಬಿದ್ದು ಸೊಂಟದ ಮೂಳೆ ಮುರಿದ ಮೇಲೆ ಅವರು ಜಗುಲಿಗೆ ಬರುವುದೇ ಅಪರೂಪ. ಪುಣೆಯಲ್ಲಿರುವ ನಾದಿನಿ ದಿನಾ ಸಂಜೆ ವಿಡಿಯೋ ಕಾಲ್ ಮಾಡುತ್ತಾಳೆ. ಅತ್ತೆ ನಾಲ್ಕು ಗಂಟೆಯಿಂದಲೇ ಫೋನ್ ಪಕ್ಕದಲ್ಲಿ ಇಟ್ಟುಕೊಂಡು ಕಾಯುತ್ತಾರೆ. ಆದರೆ ಮೂರು ಗೋಡೆ ದಾಟುವಷ್ಟರಲ್ಲಿ ಸಿಗ್ನಲ್ ಸತ್ತೇ ಹೋಗಿರುತ್ತದೆ. ಮಗಳ ಮುಖ ಅರ್ಧದಲ್ಲೇ ನಿಂತುಬಿಡುತ್ತದೆ, ಮಾತು ತುಂಡು ತುಂಡಾಗಿ ಕೇಳುತ್ತದೆ. ಮಳೆಗಾಲದಲ್ಲಿ ಇಲ್ಲಿ ಮೊಬೈಲ್ ನೆಟ್‌ವರ್ಕನ್ನೂ ನಂಬುವ ಹಾಗಿಲ್ಲ.

ಹಳೆಯ ರೂಟರನ್ನೇ ಹಿಂದಿನ ಕೋಣೆಗೆ ಹಾಕೋಣ ಅಂದಿದ್ದು ಎಂಜಿನಿಯರಿಂಗ್ ಎರಡನೇ ವರ್ಷ ಓದುತ್ತಿರುವ ನನ್ನ ಮಗ. ಪೇಟೆಯಿಂದ 20 ಮೀಟರ್ ಕ್ಯಾಟ್ 6 ಅನ್ನುವ ನೆಟ್‌ವರ್ಕ್ ಕೇಬಲ್ ತಂದು, ಅಟ್ಟದ ಮೇಲಿಂದ ಎಳೆದು, ಇಬ್ಬರೂ ಸೇರಿ ಒಂದು ಭಾನುವಾರ ಪೂರ್ತಿ ಕೆಲಸ ಮಾಡಿದೆವು. ಉಳಿದಿದ್ದು ಸೆಟ್ಟಿಂಗ್ ಮಾತ್ರ. ಅದು ಹೀಗೆ ಅಂತ ಅವನು ನನಗೆ ಬಿಡಿಸಿ ಹೇಳಿದ. ಮನೆಯ ನೆಟ್‌ವರ್ಕ್‌ನೊಳಗೆ ಹಳೆಯ ರೂಟರ್‌ನ ವಿಳಾಸ 192.168.1.1, ಹೊಸ ಡಬ್ಬಿಯದೂ ಅದೇ. ಹಳೆಯದಕ್ಕೆ 192.168.1.2 ಅಂತ ಬದಲಾಯಿಸಬೇಕು. ಫೋನುಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ ಕೆಲಸವನ್ನು ಹಳೆಯದರಲ್ಲಿ ನಿಲ್ಲಿಸಬೇಕು. ಕೇಬಲನ್ನು ಹೊರಗಿನ ಲೈನ್ ಹಾಕುವ ವ್ಯಾನ್ ತೂತಿಗಲ್ಲ, ಮನೆಯೊಳಗಿನ ಯಂತ್ರಗಳನ್ನು ಸೇರಿಸುವ ಲ್ಯಾನ್ ತೂತಿಗೆ ಹಾಕಬೇಕು. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಕೊಟ್ಟು, ಒಂದರ ಸಿಗ್ನಲ್ ಇನ್ನೊಂದಕ್ಕೆ ಅಡ್ಡ ಬರದ ಹಾಗೆ ಒಂದನ್ನು 1ನೇ ಚಾನೆಲ್‌ನಲ್ಲಿ, ಇನ್ನೊಂದನ್ನು 11ರಲ್ಲಿ ಇಟ್ಟರೆ ಆಯಿತು. ಹತ್ತು ನಿಮಿಷದ ಕೆಲಸ.

ಹತ್ತು ನಿಮಿಷದ ಆ ಕೆಲಸ ಒಂದೂವರೆ ತಿಂಗಳಾದರೂ ಆಗಿಲ್ಲ. ಯಾಕೆಂದರೆ ಅಡ್ಮಿನ್ ಪುಟ ನಮಗೆ ತೆರೆಯುವುದಿಲ್ಲ. ಡಬ್ಬಿಯ ಅಡಿಯಲ್ಲಿ ಅಂಟಿಸಿರುವ ಪಾಸ್‌ವರ್ಡ್ ತಪ್ಪು ಅನ್ನುತ್ತದೆ. ಹಿಂದಿನ ಸಣ್ಣ ತೂತಿಗೆ ಪಿನ್ ಹಾಕಿ ಹತ್ತು ಸೆಕೆಂಡ್ ಒತ್ತಿ ರೀಸೆಟ್ ಮಾಡಿದೆವು. ಆಗಲೂ ಅದು ನಿಮ್ಮ ಕಂಪನಿಯ ಸೆಟ್ಟಿಂಗ್‌ಗೇ ಮರಳಿತು, ನಿಮ್ಮ ಪಾಸ್‌ವರ್ಡನ್ನೇ ಕೇಳಿತು. ಹೇಗಿದೆಯೋ ಹಾಗೇ ಕೇಬಲ್ ಹಾಕಿ ನೋಡಿದೆವು. ವಿಳಾಸ ಹಂಚುವವರು ಇಬ್ಬರಾದರು. ಮನೆಯ ಅರ್ಧ ಫೋನುಗಳು ಹಳೆಯದರಿಂದ ವಿಳಾಸ ತೆಗೆದುಕೊಂಡವು, ಇಂಟರ್ನೆಟ್ ಮಾತ್ರ ಇಲ್ಲ. ಆವತ್ತು ನಮ್ಮ ಯಜಮಾನರ ಸೊಸೈಟಿ ಲೆಕ್ಕದ ಕೆಲಸವೂ ನಿಂತಿತು. ಕೇಬಲ್ ಕಿತ್ತಿಟ್ಟೆವು.

ಜೂನ್ 9, 16 ಮತ್ತು 28ರಂದು ನಿಮ್ಮ ಕಾಲ್ ಸೆಂಟರ್‌ಗೆ ಫೋನ್ ಮಾಡಿದೆ. ಮೂರು ಸಲವೂ ಮೊದಲಿನಿಂದ ಕಥೆ ಹೇಳಬೇಕಾಯಿತು. ಮೊದಲನೆಯವರು ಹಳೆಯ ರೂಟರ್‌ಗೆ ಸಪೋರ್ಟ್ ಇಲ್ಲ ಅಂದರು. ಎರಡನೆಯವರು ಪಾಸ್‌ವರ್ಡ್ ಕೊಡುವುದು ಕಂಪನಿ ಪಾಲಿಸಿ ಅಲ್ಲ ಅಂದರು. ಮೂರನೆಯವರು ಒಬ್ಬ ಟೆಕ್ನಿಷಿಯನ್‌ನನ್ನು ಕಳಿಸಿದರು. ಒಳ್ಳೆಯ ಹುಡುಗ, ಮಳೆಯಲ್ಲಿ ಬೈಕ್ ಮೇಲೆ ಬಂದಿದ್ದ. ಆದರೆ ಅವನ ಹತ್ತಿರವೂ ಪಾಸ್‌ವರ್ಡ್ ಇರಲಿಲ್ಲ. "ಅದನ್ನ ಕಸಕ್ಕೆ ಹಾಕಿ ಅಕ್ಕಾ, ತಿಂಗಳಿಗೆ 99 ರೂಪಾಯಿಗೆ ಎಕ್ಸ್‌ಟೆಂಡರ್ ಕೊಡ್ತೀವಿ" ಅಂದ.

ಎಕ್ಸ್‌ಟೆಂಡರ್ ನಮಗೆ ಬೇಡ. ಅದು ಗಾಳಿಯಲ್ಲಿ ಬಂದ ಸಿಗ್ನಲ್ಲನ್ನು ಹಿಡಿದು ಮತ್ತೆ ಗಾಳಿಗೇ ಬಿಡುತ್ತದೆ. ಒಂದೇ ರೇಡಿಯೋದಲ್ಲಿ ಎರಡೂ ಕೆಲಸ ಮಾಡಿದರೆ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ನಮ್ಮ ಹಿಂದಿನ ಕೋಣೆಯಲ್ಲಿ ಹಿಡಿಯಲು ಸಿಗ್ನಲ್ಲೇ ಇಲ್ಲ. ಕೇಬಲ್ ಆದರೆ ಗೋಡೆ ಎಷ್ಟು ದಪ್ಪ ಇದ್ದರೂ ಲೆಕ್ಕಕ್ಕಿಲ್ಲ. ಹಳೆಯ ರೂಟರ್‌ನ ಲ್ಯಾನ್ ತೂತು 100 ಎಂಬಿಪಿಎಸ್ ತನಕ ಕೊಡುತ್ತದೆ, ನಮ್ಮ ಪ್ಲಾನ್ ಇರುವುದು 60. ಸಾಕು, ಅಲ್ವಾ? ಅದರ ಅಡಾಪ್ಟರ್ 12 ವೋಲ್ಟ್‌ದು. ಕರೆಂಟ್ ಹೋದಾಗಲೂ ಸಣ್ಣ ಯುಪಿಎಸ್ ಮೇಲೆ ನಡೆಯುತ್ತದೆ, ಅದೂ ನಮ್ಮಲ್ಲಿದೆ. ಇಷ್ಟೆಲ್ಲ ಇದ್ದೂ ನಾವು ತಿಂಗಳು ತಿಂಗಳು ಸುಮ್ನೆ ಬಾಡಿಗೆ ಯಾಕೆ ಕಟ್ಟಬೇಕು?

ಸೆಕ್ಯುರಿಟಿ ಕಾರಣಕ್ಕೆ ಪಾಸ್‌ವರ್ಡ್ ಕೊಡುವುದಿಲ್ಲ ಅಂತಲೂ ಒಬ್ಬರು ಹೇಳಿದರು. ಇದನ್ನು ನಾನು ತಳ್ಳಿಹಾಕುವುದಿಲ್ಲ. ನಿಮ್ಮ ಲೈನಿಗೆ ನೇರವಾಗಿ ಸೇರಿದ್ದಾಗ ನೀವು ಆಫೀಸಿನಿಂದಲೇ ಅದರ ಸೆಟ್ಟಿಂಗ್ ನೋಡಿಕೊಳ್ಳುತ್ತಿದ್ದಿರಿ. ಆಗ ಬೀಗಕ್ಕೆ ಒಂದು ಅರ್ಥ ಇತ್ತು. ಈಗ ಅದು ನಿಮ್ಮ ಲೈನಿನಲ್ಲೇ ಇಲ್ಲ. ಹೊಸ ಡಬ್ಬಿಯ ಹಿಂದೆ, ನಮ್ಮ ಮನೆಯೊಳಗೆ ಇರುತ್ತದೆ. ನಿಜವಾಗಿ ಸೆಕ್ಯುರಿಟಿ ಬೇಕಿದ್ದರೆ ಅದರ ಕೊನೆಯ ಸಾಫ್ಟ್‌ವೇರ್ ಅಪ್‌ಡೇಟ್ ಕೊಡಿ. ಲಾಗಿನ್ ಪುಟದ ಕೆಳಗೆ ಈಗಲೂ 2019ರ ತಾರೀಖೇ ಇದೆ.

ಹಳೆಯ ರೂಟರ್‌ಗೆ ಹೊಸ ಜೀವ ಕೊಡುವುದು ಯಾರೂ ಮಾಡದ ಕೆಲಸವೂ ಅಲ್ಲ. ಲಿಂಕ್‌ಸಿಸ್‌ನ ಡಬ್ಲ್ಯುಆರ್‌ಟಿ54ಜಿ ಅನ್ನುವ ರೂಟರ್ ಲಿನಕ್ಸ್ ಎಂಬ ಮುಕ್ತ ಸಾಫ್ಟ್‌ವೇರ್ ಮೇಲೆ ನಡೆಯುತ್ತಿತ್ತು. ಲಿನಕ್ಸ್‌ನ ಲೈಸೆನ್ಸ್ ಪ್ರಕಾರ ಅದರ ಮೂಲ ಕೋಡ್ ಕೊಡಬೇಕು ಅಂತ ಜನ ಕೇಳಿದರು, 2003ರಲ್ಲಿ ಕಂಪನಿ ಕೊಟ್ಟಿತು. ಅದರಿಂದಲೇ 2004ರಲ್ಲಿ ರೂಟರ್‌ಗಳಿಗೆ ಹಾಕುವ ಓಪನ್‌ಡಬ್ಲ್ಯುಆರ್‌ಟಿ ಅನ್ನುವ ಮುಕ್ತ ಸಾಫ್ಟ್‌ವೇರ್ ಹುಟ್ಟಿತು. ಕಂಪನಿಗಳು ಕೈಬಿಟ್ಟ ಎಷ್ಟೋ ರೂಟರ್‌ಗಳು ಇವತ್ತಿಗೂ ಅದರ ಮೇಲೆ ನಡೆಯುತ್ತಿವೆ. ನಾನು ಅಷ್ಟು ದೊಡ್ಡದೇನೂ ಕೇಳುತ್ತಿಲ್ಲ. ಒಂದು ಪಾಸ್‌ವರ್ಡ್ ಕೇಳುತ್ತಿದ್ದೇನೆ.

ಕಸಕ್ಕೆ ಹಾಕಿ ಅಂದ ಮಾತು ನನಗೆ ತುಂಬಾ ಬೇಸರ ತಂದಿತು. ಇದು ಕೆಟ್ಟಿಲ್ಲ, ದೀಪ ಹತ್ತುತ್ತದೆ, ಸಿಗ್ನಲ್ ಕೊಡುತ್ತದೆ. ಕೆಟ್ಟಿದ್ದರೂ ಪಂಚಾಯಿತಿಯ ಕಸದ ಗಾಡಿಗೆ ಹಾಕುವ ವಸ್ತುವಲ್ಲ. ಇ-ತ್ಯಾಜ್ಯಕ್ಕೇ 2022ರಲ್ಲಿ ಹೊಸ ನಿಯಮ ಬಂದು, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಿಮ್ಮ ಸಿಬ್ಬಂದಿಗೆ ಇದನ್ನು ಹೇಳಿಕೊಡಿ. ನಮ್ಮ ಕಣಿವೆಗಳಲ್ಲಿ, ಹಳ್ಳಗಳಲ್ಲಿ ಈಗಲೇ ಬೇಕಾದಷ್ಟು ಪ್ಲಾಸ್ಟಿಕ್ ಬಿದ್ದಿದೆ.

ಆದ್ದರಿಂದ ಈ ರೂಟರ್‌ನ ಅಡ್ಮಿನ್ ಪಾಸ್‌ವರ್ಡ್ ಕೊಡಿ. ಅದಾಗದಿದ್ದರೆ, ತಯಾರಕರ ಮೂಲ ಸಾಫ್ಟ್‌ವೇರ್ ಹಾಕಿ ಬೀಗ ಇಲ್ಲದ ಸ್ಥಿತಿಗೆ ತಂದುಕೊಡಿ. ಅದಕ್ಕೆ ಯಾರನ್ನಾದರೂ ಕಳಿಸುವುದಾದರೆ ದಯವಿಟ್ಟು ಲ್ಯಾಪ್‌ಟಾಪ್ ಕೊಟ್ಟು, ವಿಷಯ ತಿಳಿಸಿ ಕಳಿಸಿ. ಮೂರು ಫೋನ್ ಕರೆಯಲ್ಲಿ ಎರಡಕ್ಕೆ ನನಗೆ ದೂರಿನ ಡಾಕೆಟ್ ನಂಬರ್ ಕೊಟ್ಟಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2012ರ ದೂರು ಪರಿಹಾರ ನಿಯಮದಂತೆ ಅದನ್ನು ಕೊಡಲೇಬೇಕು. ಈ ಪತ್ರಕ್ಕಾದರೂ ನಂಬರ್ ಕೊಡಿ.

ಹದಿನೈದು ದಿನ ಕಾಯುತ್ತೇನೆ. ಆಮೇಲೆ ನಿಮ್ಮದೇ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯುತ್ತೇನೆ. ಅಲ್ಲೂ ಆಗದಿದ್ದರೆ 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸುತ್ತೇನೆ. ಅಲ್ಲಿಯ ತನಕ ಹೋಗುವ ಇಷ್ಟ ನನಗಿಲ್ಲ.

ಕೇಬಲ್ ಅತ್ತೆಯ ಮಂಚದ ಪಕ್ಕದ ತನಕ ಬಂದು ಸುರುಳಿ ಸುತ್ತಿಕೊಂಡು ಕೂತಿದೆ. ಅದು ಯಾವಾಗ ಸರಿಯಾಗುತ್ತದೆ ಅಂತ ಅವರು ದಿನಾ ಕೇಳುತ್ತಾರೆ. ನಿಮ್ಮಿಂದ ಏನು ಉತ್ತರ ಬಂತು ಅಂತ ಅವರಿಗೆ ಹೇಳಬೇಕಿದೆ, ಬೇಗ ಬರೆಯಿರಿ.

ಇಂತಿ,
ನಿಮ್ಮ ಗ್ರಾಹಕಿ

ಜೊತೆಗಿರುವುದು: 2019ರ ರೂಟರ್ ಖರೀದಿ ಬಿಲ್ಲಿನ ನಕಲು, ರೂಟರ್‌ನ ಅಡಿಭಾಗದ ಫೋಟೋ, ಲಾಗಿನ್ ಪುಟದ ಫೋಟೋ