ಶನಿವಾರಕ್ಕೆ ಮೊದಲು ಇದೊಂದು ಮಾಡಿ ನೋಡಿ

ಎಲ್ಲರಿಗೂ ನಮಸ್ಕಾರ. ಶನಿವಾರ ಜಿಯೋಜೀಬ್ರಾದಲ್ಲಿ (ಗಣಿತದ ಚಿತ್ರ ಬರೆಯುವ ಸಾಫ್ಟ್‌ವೇರ್) ವಕ್ರರೇಖೆಗಳನ್ನು ನೋಡೋಣ ಅಂದುಕೊಂಡಿದ್ದೇವೆ ಅಲ್ವಾ, ಅದಕ್ಕೆ ಮೊದಲು ಹತ್ತು ನಿಮಿಷ ಕೊಡಿ.

ಒಂದು ರೇಖೆ ಎಳೆಯಿರಿ. ರೇಖೆಯಿಂದ ಆಚೆ ಎಫ್ ಬಿಂದು, ರೇಖೆಯ ಮೇಲೆ ಪಿ ಬಿಂದು ಇಡಿ. ಎರಡನ್ನೂ ಸೇರಿಸುವ ರೇಖಾಖಂಡಕ್ಕೆ ಲಂಬಾರ್ಧಕ (ಅದನ್ನು ನಡುವೆ ಲಂಬವಾಗಿ ಕತ್ತರಿಸುವ ಗೆರೆ) ಹಾಕಿ, ಅದರ ಟ್ರೇಸ್, ಅಂದರೆ ಸರಿದಲ್ಲೆಲ್ಲ ಗುರುತು ಉಳಿಸುವ ಆಯ್ಕೆ, ಆನ್ ಮಾಡಿ. ಈಗ ಪಿಯನ್ನು ನಿಧಾನವಾಗಿ ಎಳೆಯಿರಿ. ಗೆರೆ ಮೇಲೆ ಗೆರೆ ಬೀಳುತ್ತಾ ಹೋಗುತ್ತದೆ, ನಡುವೆ ಪರವಲಯ (ಪ್ಯಾರಾಬೋಲಾ) ತಾನಾಗಿಯೇ ಎದ್ದು ಕಾಣುತ್ತದೆ. ನಾವು ಬರೆದದ್ದೆಲ್ಲ ನೇರ ಗೆರೆಗಳೇ! ಒಂದೊಂದೂ ಆ ಪರವಲಯಕ್ಕೆ ಸ್ಪರ್ಶಕ, ಅಂದರೆ ಅದನ್ನು ಒಂದೇ ಬಿಂದುವಿನಲ್ಲಿ ಮುಟ್ಟಿ ಹೋಗುವ ಗೆರೆ.

ಕಾರಣ ಬೇಕಾ? ಪಿಯಲ್ಲಿ ರೇಖೆಗೆ ಲಂಬ ಎಳೆಯಿರಿ. ಅದು ಲಂಬಾರ್ಧಕವನ್ನು ಸೇರುವ ಬಿಂದುವಿಗೆ ಕ್ಯೂ ಅನ್ನಿ. ಲಂಬಾರ್ಧಕದ ಮೇಲಿರುವುದರಿಂದ ಕ್ಯೂ ಎಫ್‌ನಿಂದಲೂ ಪಿಯಿಂದಲೂ ಒಂದೇ ದೂರ. ಪಿವರೆಗಿನ ದೂರವೇ ಕ್ಯೂಗೆ ರೇಖೆಯಿಂದ ಇರುವ ದೂರ. ಒಂದು ಬಿಂದುವಿನಿಂದಲೂ ಒಂದು ರೇಖೆಯಿಂದಲೂ ಒಂದೇ ದೂರದಲ್ಲಿರುವ ಬಿಂದುಗಳು, ಪರವಲಯ ಅಂದರೆ ಅಷ್ಟೇ ತಾನೆ. ಮಕ್ಕಳಿಗೆ ಇದನ್ನು ಮೊದಲೇ ಹೇಳಬೇಡಿ, ಅವರೇ ದೂರ ಅಳೆದು ನೋಡಲಿ.

ಆಮೇಲೆ ರೇಖೆಯ ಬದಲು ವೃತ್ತ ಹಾಕಿ, ಪಿಯನ್ನು ಅದರ ಮೇಲಿಡಿ. ಎಫ್ ಒಳಗಿದ್ದರೆ ದೀರ್ಘವೃತ್ತ. ಹೊರಗೆ ತಂದರೆ ಅತಿಪರವಲಯ (ಹೈಪರ್ಬೋಲಾ). ಕೇಂದ್ರದಲ್ಲೇ ಇಟ್ಟರೆ ಏನಾಗುತ್ತದೆ? ಮಕ್ಕಳಿಂದ ಊಹೆ ಬರೆಸಿ, ನಂತರ ಎಳೆಯಲು ಬಿಡಿ.

ಪಿ ರೇಖೆಗೆ ಅಂಟಿಕೊಂಡಿದೆಯಾ ಅಂತ ಎಳೆದು ನೋಡಿ. ಕಳೆದ ಸಲ ನಾನು ಅದನ್ನು ರೇಖೆಯ ಪಕ್ಕದಲ್ಲಿ ಸುಮ್ನೆ ಇಟ್ಟುಬಿಟ್ಟಿದ್ದೆ, ಇಡೀ ತರಗತಿಯ ಎದುರು ಗೆರೆಗಳೆಲ್ಲ ಚೆಲ್ಲಾಪಿಲ್ಲಿ. ಝೂಮ್ ಮಾಡಿದರೆ ಟ್ರೇಸ್ ಅಳಿಸಿಹೋಗುತ್ತದೆ, ಬೆರಳು ಹುಷಾರು. ಅಳಿಯದ ವಕ್ರರೇಖೆ ಬೇಕಿದ್ದರೆ ಕ್ಯೂಗೆ ಲೋಕಸ್ ಟೂಲ್ (ಬಿಂದು ಸಾಗುವ ಹಾದಿಯನ್ನು ಬರೆಯುವ ಸಾಧನ) ಬಳಸಿ.

ಮಾಡಿದ್ದರ ಸ್ಕ್ರೀನ್‌ಶಾಟ್ ಇಲ್ಲೇ ಹಾಕಿ. ಕೆಟ್ಟಿದ್ದರೂ ಪರವಾಗಿಲ್ಲ.